ನೊರೆಯ ತಿರುಪು, ಅತ್ತೆಯ ನೆಲ

ಸುಮ್ಮನಿರಲಾರದ ಗಂಡಸು ಮತ್ತು ಮುಟ್ಟಬಾರದ ತಿರುಪು ಒಂದೇ ಮನೆಯಲ್ಲಿದ್ದರೆ ಆ ಮನೆಯಲ್ಲಿ ನಗುವಿಗೆ ಬರಗಾಲ ಬರುವುದಿಲ್ಲ. ನಮ್ಮ ಮನೆಯಲ್ಲಿ ಎರಡೂ ಇವೆ.

ನಮ್ಮನೆಯವರಿಗೆ ಮೂಡಿಗೆರೆಯಲ್ಲಿ ಪಲ್ಪರ್ ಮತ್ತು ಪಂಪ್‌ಸೆಟ್ ರಿಪೇರಿಯ ವರ್ಕ್‌ಶಾಪ್ ಇದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಾವ ಎಸ್ಟೇಟಿನಲ್ಲಿ ಕೆಟ್ಟರೂ ಇವರಿಗೇ ಫೋನು. ಕೆಲಸ ಬಲ್ಲವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಿಯಾಗಿ ಓಡುತ್ತಿರುವ ಮಿಷನ್ ಕಂಡರೆ ಅವರಿಗೆ ಒಂಥರಾ ಸಂಕಟ. ಮನೆಯ ಮಿಕ್ಸಿ, ಫ್ಯಾನು, ಗ್ಯಾಸ್ ಒಲೆ, ನನ್ನ ಸ್ಕೂಟರು, ಎಲ್ಲದರ ಹೊಟ್ಟೆಯನ್ನೂ ಬಿಚ್ಚಿ ನೋಡಿದ್ದಾರೆ. ನಾನು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವಳು. ಸರಿಯಾಗಿ ಬಂದ ಲೆಕ್ಕವನ್ನು ಅಳಿಸಿ ಮತ್ತೆ ಮಾಡುವ ಮಕ್ಕಳನ್ನು ಕಂಡಾಗಲೆಲ್ಲ ನನಗೆ ಮನೆ ನೆನಪಾಗುತ್ತದೆ.

ಮನೆಯಲ್ಲಿ ಮೂರನೆಯವರು ಅತ್ತೆ. ಹಾಲ್ ಅವರ ಸಾಮ್ರಾಜ್ಯ. ಅಲ್ಲಿಯ ಕೆಂಪು ಸಿಮೆಂಟಿನ ನೆಲ ಮಾವನವರು ಇದ್ದಾಗ ಹಾಕಿಸಿದ್ದು. ಅತ್ತೆ ಅದನ್ನು ಒರೆಸಿ ಒರೆಸಿ ಮುಖ ಕಾಣುವ ಹಾಗೆ ಇಟ್ಟುಕೊಂಡಿದ್ದಾರೆ. ಆ ನೆಲದ ಮೇಲೆ ಸಮುದ್ರ ಬಂದು ಕೂತದ್ದರಿಂದ ಇಷ್ಟೆಲ್ಲ ಆಯಿತು.

ಘಾಟಿ ಹತ್ತಿದ ಸಮುದ್ರ

ಎಸ್ಟೇಟ್ ಮಾಲೀಕರೊಬ್ಬರ ಬಂಗಲೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇತ್ತು. ಒಳಗೆ ಜೀವಂತ ಹವಳ, ಹೂವಿನ ಹಾಗೆ ಬೆರಳಾಡಿಸುವ ಒಂದು ಸಮುದ್ರಜೀವಿ, ಅದರ ನಡುವೆ ಸದಾ ಜೊತೆಯಾಗಿ ಓಡಾಡುವ, ಬಿಳಿ ಪಟ್ಟೆಯ ಎರಡು ಕಿತ್ತಳೆ ಮೀನು. ಮಾಲೀಕರಿಗೆ ಅದನ್ನು ನೋಡಿಕೊಂಡು ಸಾಕಾಗಿತ್ತು. ಪಲ್ಪರ್ ಸರಿ ಮಾಡಲು ಹೋಗಿದ್ದ ಇವರು ಅದರ ಮುಂದೆ ಬಾಯಿ ಬಿಟ್ಟು ನಿಂತದ್ದನ್ನು ನೋಡಿ, "ಬೇಕಾದ್ರೆ ತಗೊಂಡ್ ಹೋಗಿ ಮಾರಾಯ್ರೆ, ಒಂದು ಉಪಕಾರ ಆಗುತ್ತೆ" ಅಂದರು. ಇವರು ನನ್ನನ್ನು ಕೇಳಲಿಲ್ಲ, ಅತ್ತೆಯನ್ನಂತೂ ಕೇಳಲೇ ಇಲ್ಲ.

ಟ್ಯಾಂಕ್ ತುಂಬಿಸಲು ಹೊಸ ಉಪ್ಪುನೀರು ಬೇಕು. ಪೊಟ್ಟಣದ ಉಪ್ಪು ಕಲಸಿದರಾಯಿತು ಎಂದು ಬೆಂಗಳೂರಿನ ಅಕ್ವೇರಿಯಂ ಅಂಗಡಿಯವರು ಹೇಳಿದರು. ಇವರು ಒಪ್ಪಲಿಲ್ಲ. ಘಾಟಿ ಇಳಿದರೆ ಅಸಲಿ ಸಮುದ್ರವೇ ಇರುವಾಗ ಪೊಟ್ಟಣ ಯಾಕೆ ಅಂದರು. ಮಂಗಳೂರಿನ ಕಡೆ ಮದುವೆಗೆ ಹೋದವರು ವಾಪಸ್ ಬರುವಾಗ ದೋಣಿಯವರನ್ನು ಹಿಡಿದು ಕ್ಯಾನುಗಟ್ಟಲೆ ಸಮುದ್ರ ತುಂಬಿಸಿಕೊಂಡು ಚಾರ್ಮಾಡಿ ಘಾಟಿ ಹತ್ತಿದೆವು. ನಾನು ರೇಷ್ಮೆ ಸೀರೆಯಲ್ಲಿ, ಕಾಲ ಬಳಿ ಒಂದು ಕ್ಯಾನು ಇಟ್ಟುಕೊಂಡು ಕೂತಿದ್ದೆ.

ಚೆಕ್‌ಪೋಸ್ಟಿನಲ್ಲಿ ಗಾಡಿ ನಿಲ್ಲಿಸಿದರು. ಅಲ್ಲಿದ್ದವರು ಹಿಂದೆ ಇಣುಕಿ, "ಕ್ಯಾನಲ್ಲಿ ಎಂತದು?" ಅಂದರು.

"ನೀರು ಸರ್."

"ಎಲ್ಲಿಗೆ?"

"ಮೂಡಿಗೆರೆಗೆ."

ಮಳೆ ಧಾರಾಕಾರ ಹೊಯ್ಯುತ್ತಿತ್ತು. ರಸ್ತೆಯ ಬದಿಯ ಬಂಡೆಗಳಿಂದ ನೀರು ಧುಮುಕುತ್ತಿತ್ತು. ಆ ಮನುಷ್ಯ ಬಂಡೆ ನೋಡಿದರು, ಆಕಾಶ ನೋಡಿದರು, ಆಮೇಲೆ ಇವರ ಮುಖ ನೋಡಿದರು. "ಮೂಡಿಗೆರೆಗೆ ನೀರು ಹೊತ್ಕೊಂಡ್ ಹೋಗ್ತಿದೀರಾ? ಮುಚ್ಚಳ ತೆಗೀರಿ."

ಮೂಸಿದರು. ಅವರು ಹುಡುಕುತ್ತಿದ್ದ ವಾಸನೆ ಬರಲಿಲ್ಲ. ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡರು. ಅವರ ಮುಖ ನಿಂಬೆಹಣ್ಣು ಕಚ್ಚಿದ ಮಗುವಿನ ಮುಖದ ಹಾಗಾಯಿತು. ಇನ್ನು ಬೈಗುಳ ಬರುತ್ತದೆ ಎಂದು ನಾನು ಸೆರಗು ಸರಿಮಾಡಿಕೊಂಡೆ. ಅವರು ಬೈಯಲಿಲ್ಲ. ಗಂಟಲು ಸರಿ ಮಾಡಿಕೊಂಡು ಶೆಡ್ಡಿನ ಕಡೆ ತಿರುಗಿ ಜೊತೆಯವರನ್ನು ಕರೆದರು. "ಬಾರೋ ಇಲ್ಲಿ. ಒಳ್ಳೇ ಮಾಲು ಕಣೋ, ಸ್ವಲ್ಪ ನೋಡು."

ನಮ್ಮ ಗಾಡಿ ಅಲ್ಲಿಂದ ಹೊರಡುವ ಹೊತ್ತಿಗೆ ಪಕ್ಕದ ಟೀ ಅಂಗಡಿಯವನೂ ರುಚಿ ನೋಡಿ ಆಗಿತ್ತು.

ಒಂದು ಸೌಟು ಸಾಕಿತ್ತು

ಟ್ಯಾಂಕಿನ ಪಕ್ಕಕ್ಕೆ ಒಂದು ಪ್ಲಾಸ್ಟಿಕ್ ಕೊಳವೆ ತೂಗುಹಾಕಿದೆ. ಅದಕ್ಕೆ ಸ್ಕಿಮ್ಮರ್ ಅನ್ನುತ್ತಾರೆ. ಅದರ ಪುಟ್ಟ ಪಂಪು ನೀರಿಗೆ ಗಾಳಿ ಬೆರೆಸಿ ಹಾಲಿನಂಥ ಗುಳ್ಳೆ ಎಬ್ಬಿಸುತ್ತದೆ. ಮೀನಿನ ಗಲೀಜೆಲ್ಲ ಗುಳ್ಳೆಗೆ ಅಂಟಿ, ನೊರೆಯಾಗಿ ಮೇಲೇರಿ, ತುದಿಯಲ್ಲಿರುವ ಬಟ್ಟಲಿಗೆ ಬೀಳುತ್ತದೆ. ನೊರೆ ಎಷ್ಟು ಎತ್ತರ ಏರಬೇಕು ಅನ್ನುವುದನ್ನು ಪಕ್ಕದ ಒಂದು ತಿರುಪು ನೋಡಿಕೊಳ್ಳುತ್ತದೆ. ಕಡಿಮೆ ಏರಿದರೆ ಗಲೀಜು ನೀರಿನಲ್ಲೇ ಉಳಿಯುತ್ತದೆ. ಹೆಚ್ಚು ಏರಿದರೆ ಬಟ್ಟಲು ತುಂಬಿ ನೆಲಕ್ಕೆ ಚೆಲ್ಲುತ್ತದೆ.

ಇದನ್ನೆಲ್ಲ ಇವರು ಅತ್ತೆಗೆ ಬಹಳ ಹೆಮ್ಮೆಯಿಂದ ವಿವರಿಸಿದರು. ಅತ್ತೆ ಪೂರ್ತಿ ಕೇಳಿ, "ಕಜ್ಜಾಯಕ್ಕೆ ಬೆಲ್ಲ ಕಾಯ್ಸುವಾಗ ಮೇಲೆ ಕೊಳೆ ಕಟ್ಟುತ್ತಲ್ಲ, ಹಂಗಾ?" ಅಂದರು.

"ಹಂಗೇ ಅಮ್ಮ."

"ಅದನ್ನ ನಾವು ಸೌಟಲ್ಲಿ ತೆಗ್ದು ಚೆಲ್ತೀವಿ. ಇದಕ್ಕೆ ಇಷ್ಟೆಲ್ಲ ಮಿಷನ್ನು ಯಾಕೋ? ಒಂದು ಸೌಟು ಕೊಡ್ಲಾ?"

ಸ್ಕಿಮ್ಮರಿನ ಜೊತೆ ಬಂದಿದ್ದ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ ಒಂದು ಮಾತಿತ್ತು. ಹೊಸದಾಗಿ ಕೂರಿಸಿದ ಮೇಲೆ ಕೆಲವು ದಿನ ಮುಟ್ಟಬೇಡಿ, ಆಮೇಲೂ ಒಂದು ಸಲಕ್ಕೆ ಕೂದಲೆಳೆಯಷ್ಟೇ ತಿರುಗಿಸಿ, ಒಂದು ದಿನ ಕಾದು ನೋಡಿ. ನಾನು ಅದನ್ನು ಓದಿ ಹೇಳಿದೆ. "ಅದು ಗೊತ್ತಿಲ್ದೋರಿಗೆ ಬರ್ದಿರೋದು ಮಾರಾಯ್ತಿ" ಅಂದವರೇ ಪಲ್ಪರಿನ ನಟ್ಟು ತಿರುಗಿಸುವ ಹಾಗೆ ಒಂದು ಸುತ್ತು ತಿರುಗಿಸಿದರು. ನೊರೆ ಬರಲಿಲ್ಲ. ಇನ್ನೊಂದು ಸುತ್ತು ತಿರುಗಿಸಿ ಸ್ನಾನಕ್ಕೆ ಹೋದರು.

ಅವರು ಮೈಗೆ ಸೋಪು ಹಚ್ಚಿಕೊಂಡ ಹೊತ್ತಿಗೆ ನೊರೆ ಬಂತು. ಬಟ್ಟಲು ತುಂಬಿ, ಉಕ್ಕಿ, ಕೆಂಪು ನೆಲದ ಮೇಲೆ ಹರಿದು, ಅತ್ತೆಯ ಕುರ್ಚಿಯ ಕಾಲು ತಲುಪಿತು. ನೀರು ಒರೆಸಿದೆವು. ಒಣಗಿದ ಮೇಲೆ ಉಪ್ಪಿನ ಬಿಳಿ ಕಲೆ ಮಾತ್ರ ನಕಾಶೆ ಬರೆದ ಹಾಗೆ ನಿಂತಿತು. ಅತ್ತೆ ಕೂಗಾಡಲಿಲ್ಲ. ಅವರು ಕೂಗಾಡಿದರೆ ಭಯವಿಲ್ಲ, ಮೆಲ್ಲಗೆ ಮಾತಾಡಿದರೆ ಭಯ.

"ಇನ್ನೊಂದ್ಸಲ ಈ ನೆಲದ ಮೇಲೆ ಉಪ್ಪುನೀರು ಬಿದ್ರೆ ಈ ಮೀನಿನ ಪೆಟ್ಟಿಗೆ ನಿನ್ ವರ್ಕ್‌ಶಾಪಿಗೆ. ಆಮೇಲೆ ನನ್ ಹತ್ರ ಬರ್ಬೇಡ."

ವರ್ಕ್‌ಶಾಪ್ ಅಂದರೆ ವೆಲ್ಡಿಂಗ್ ಹೊಗೆ, ಡೀಸೆಲ್, ಕಬ್ಬಿಣದ ಪುಡಿ. ಅಲ್ಲಿ ಆ ಮೀನುಗಳು ಬದುಕುವುದಿಲ್ಲ. ಇದು ಅತ್ತೆಗೂ ಗೊತ್ತು, ಮಗನಿಗೂ ಗೊತ್ತು. ಇವರು ಟವೆಲ್ ಸುತ್ತಿಕೊಂಡು, ಕಿವಿಯಲ್ಲಿ ಸೋಪಿನ ನೊರೆ ಇಟ್ಟುಕೊಂಡೇ ತಲೆಯಾಡಿಸಿದರು.

"ಕೆಲಸ ಇಲ್ಲದ ಆಚಾರಿ ಮಗುವಿನ ಕುಂಡೆ ಕೆತ್ತಿದ್ನಂತೆ," ಅನ್ನುತ್ತ ಅತ್ತೆ ಎದ್ದರು. ನಾನು ನಕ್ಕುಬಿಟ್ಟೆ. "ನೀನೇನು ನಗೋದು? ಅವನಿಗೆ ಆ ಕಾಗದ ಇನ್ನೊಂದ್ಸಲ ಓದಿ ಹೇಳು. ನಿನ್ ಶಾಲೆಯಲ್ಲಿ ದಡ್ಡರಿಗೆ ಹೇಳ್ತೀಯಲ್ಲ, ಹಂಗೆ."

ಕರೆಂಟ್ ಕೊಡಬೇಡಿ

ಕರೆಂಟು ಹೋಗಿ ಬಂದ ಕೂಡಲೇ ಸ್ಕಿಮ್ಮರಿಗೆ ಹುಚ್ಚು ಹಿಡಿಯುತ್ತದೆ. ಅಲ್ಲಿಯವರೆಗೆ ತೆಪ್ಪಗಿದ್ದ ನೀರೆಲ್ಲ ಒಟ್ಟಿಗೆ ನೊರೆಯಾಗಿ ಉಕ್ಕುತ್ತದೆ. ಆ ಹೊತ್ತಿಗೆ ಯಾರಾದರೂ ಪಕ್ಕದಲ್ಲಿದ್ದು ತಿರುಪು ಇಳಿಸಬೇಕು. ಅತ್ತೆಯ ಅಪ್ಪಣೆ ಆದ ಮೇಲೆ ಇವರಿಗೆ ಕರೆಂಟು ಹೋಗುವ ಭಯ ಹೋಗಿ ಬರುವ ಭಯ ಶುರುವಾಯಿತು.

ಒಂದು ಮಧ್ಯಾಹ್ನ ಗೋಣಿಬೀಡಿನ ಕಡೆ ಕೆಲಸದಲ್ಲಿದ್ದರು. ಅಲ್ಲೇ ಇರುವ ನನ್ನ ಶಾಲೆ ಮುಗಿಸಿ ನಾನು ಅವರ ಜೀಪು ಹತ್ತಿದ್ದೆ. ಮೂಡಿಗೆರೆಯಲ್ಲಿ ಬೆಳಗ್ಗೆಯಿಂದ ಕರೆಂಟಿಲ್ಲ ಎಂದು ತಿಳಿದಿತ್ತು. ಇವರು ಪರಿಚಯದ ಲೈನ್‌ಮ್ಯಾನಿಗೆ ಫೋನು ಮಾಡಿದರು.

"ಆಯ್ತು ಅಣ್ಣಾ, ಆಯ್ತು," ಅವನು ಇವರ ಮಾತಿಗೂ ಕಾಯಲಿಲ್ಲ. "ಮರ ಬಿದ್ದಿತ್ತು, ತೆಗ್ದಾಯ್ತು. ಈಗ ಕೊಟ್ಟೆ ಅನ್ಕೊಳ್ಳಿ."

"ಬೇಡ ಮಾರಾಯ, ಕೊಡ್ಬೇಡ. ನಾನು ಮನೆಗೆ ಹೋಗಿ ಫೋನ್ ಮಾಡ್ತೀನಿ, ಆಮೇಲೆ ಕೊಡು."

"ಅಣ್ಣಾ, ಕರೆಂಟ್ ಕೊಡು ಅಂತ ನನ್ನ ಅಪ್ಪ ಅಮ್ಮನ್ನೆಲ್ಲ ಸೇರಿಸಿ ಬೈದೋರು ಇದಾರೆ. ಕೊಡ್ಬೇಡ ಅಂತ ಬೇಡ್ಕೊಂಡೋರು ನೀವೇ ಮೊದಲು."

"ಹಂಗಾದ್ರೆ ಒಂದು ಕೆಲ್ಸ ಮಾಡು. ಒಂದೇ ಸಲ ಕೊಡ್ಬೇಡ. ಮೆಲ್ಲಗೆ ಕೊಡು."

"ಮೆಲ್ಲಗೆ ಕೊಡೋಕೆ ಇದೇನು ಹಾಲು ಕರೆಯೋದಾ ಅಣ್ಣಾ?"

ಜೀಪು ಹಾರಿಸಿಕೊಂಡು ಬಂದೆವು. ಬಂದು ನೋಡಿದರೆ ಕರೆಂಟು ಬಂದು ಬಹಳ ಹೊತ್ತಾಗಿತ್ತು. ನೆಲ ಒಣಗಿಯೇ ಇತ್ತು. ಅತ್ತೆ ಟ್ಯಾಂಕಿನ ಪಕ್ಕದ ಕುರ್ಚಿಯಲ್ಲಿ ಅವರೆಕಾಳು ಬಿಡಿಸುತ್ತ ಕೂತಿದ್ದರು. ಸ್ಕಿಮ್ಮರಿನ ಪ್ಲಗ್ಗು ಕಿತ್ತು ನೆಲದ ಮೇಲಿತ್ತು.

"ಅಮ್ಮಾ, ನೀನು ಕಿತ್ತಿದ್ದಾ?" ಅಂತ ಇವರು ಕೇಳಿದರು.

"ನಂಗೂ ಅದಕ್ಕೂ ಸಂಬಂಧ ಇಲ್ಲ," ಅಂದರು ಅತ್ತೆ. "ಕಾಲಿಗೆ ಸಿಕ್ತು."

ಪ್ಲಗ್ಗು ಇರುವುದು ಗೋಡೆಯ ಮೇಲೆ, ಅತ್ತೆಯ ಭುಜದ ಎತ್ತರಕ್ಕೆ.

ರೊಬಸ್ಟಾ ಅಲ್ಲ

ಅತ್ತೆಯ ತಮ್ಮ, ಅಂದರೆ ನಮ್ಮನೆಯವರ ಸೋದರಮಾವ, ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಗೊಳಿಸುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿ ರುಚಿ ನೋಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಕಾಫಿಯ ವಾಸನೆ ಹಿಡಿದು ತೋಟದ ದಿಕ್ಕು ಹೇಳುತ್ತೇನೆ ಎಂಬುದು ಅವರ ಹೆಮ್ಮೆ. ಮದುವೆ ಮನೆಗೆ ಹೋದರೂ ಕಾಫಿ ಲೋಟವನ್ನು ಮೊದಲು ಮೂಗಿಗೆ ಹಿಡಿದು, ಬಾಣಸಿಗನ ಕಡೆ ಕನಿಕರದಿಂದ ನೋಡಿ, ಆಮೇಲೆ ಕುಡಿಯುತ್ತಾರೆ.

ಅವರು ಊಟಕ್ಕೆ ಬಂದಿದ್ದ ದಿನ ಇವರು ಸ್ಕಿಮ್ಮರಿನ ಬಟ್ಟಲು ತೊಳೆಯಲು ತೆಗೆದಿದ್ದರು. ಯಾರದೋ ಫೋನು ಬಂತೆಂದು ಅದನ್ನು ಜಗಲಿಯ ಕಟ್ಟೆಯ ಮೇಲಿಟ್ಟು ಅಂಗಳಕ್ಕೆ ಇಳಿದರು. ಬಟ್ಟಲಿನ ತುಂಬ ಕಂದು ಬಣ್ಣದ ನೀರು. ನೋಡಲು ಥೇಟ್ ಡಿಕಾಕ್ಷನ್. ವಾಸನೆಯ ವಿಷಯ ಬರೆಯುವುದಿಲ್ಲ, ನೀವು ಊಟಕ್ಕೆ ಕೂತಿರಬಹುದು.

ನಾನು ತಟ್ಟೆ ಹಾಕಲು ಹೊರಗೆ ಬಂದಾಗ ಮಾವ ಬಟ್ಟಲನ್ನು ಕೈಯಲ್ಲಿ ಹಿಡಿದು ಬೆಳಕಿಗೆ ಅಡ್ಡ ಮಾಡಿ ನೋಡುತ್ತಿದ್ದರು. ಬೇಡ ಅನ್ನುವಷ್ಟರಲ್ಲಿ ಮೂಗು ಬಟ್ಟಲೊಳಗೆ ಹೋಗಿತ್ತು. ಕಣ್ಣು ಮುಚ್ಚಿ ಉಸಿರು ಎಳೆದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ವರ್ಷದ ಸರ್ವಿಸು ಸುಮ್ಮನೆ ಅಲ್ಲ.

"ರೊಬಸ್ಟಾ ಕಾಫಿ," ಅಂದರು. "ಬೀಜ ಒಣಗಿಸುವಾಗ ಮಳೆಗೆ ಸಿಕ್ಕಿದೆ. ಸರಿಯಾಗಿ ತೊಳೆದೂ ಇಲ್ಲ. ಯಾರ ತೋಟದ್ದಮ್ಮ ಇದು?"

ನಾನು ಬಟ್ಟಲಿಗೆ ಕೈ ಚಾಚಿದೆ, ಮಾವ ಕೊಡಲಿಲ್ಲ.

"ಒಂದು ಚಮಚ ಕೊಡು, ನಾಲಿಗೆಗೆ ಹಾಕಿದ್ರೆ ಹೇಳ್ತೀನಿ."

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು. "ತಮ್ಮಾ, ಕೆಳಗಿಡು ಅದನ್ನ. ಅದು ಮೀನಿನ ಕಕ್ಕಸು."

ಮಾವ ಬಟ್ಟಲನ್ನು ನಿಧಾನವಾಗಿ, ಒಂದು ಹನಿ ಚೆಲ್ಲದ ಹಾಗೆ ಕಟ್ಟೆಯ ಮೇಲಿಟ್ಟರು. ಕರ್ಚೀಫು ತೆಗೆದು ಮೂಗು ಒರೆಸಿಕೊಂಡರು. "ಅದಕ್ಕೇ ಹೇಳ್ದೆ, ಸರಿಯಾಗಿ ತೊಳೆದಿಲ್ಲ ಅಂತ," ಅಂದರು.

ಊಟ ಆದ ಮೇಲೆ ಕಾಫಿ ತರಲೇ ಎಂದು ಕೇಳಿದೆ. ಹುಟ್ಟಿದ ಮೇಲೆ ಮೊದಲ ಸಲವಿರಬೇಕು, ಮಾವ ಮಜ್ಜಿಗೆ ಸಾಕು ಅಂದರು.

ಹಲಸಿನಕಾಯಿಯ ದಿನ

ಹಲಸಿನಕಾಯಿ ಕೊಯ್ಯುವ ಮುಂಚೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮ ಕಡೆಯ ಮಗುವಿಗೂ ಗೊತ್ತು. ಹಚ್ಚದಿದ್ದರೆ ಮೇಣ ಅಂಟಿ ಕೈ ಕೈಗೇ ಮೆತ್ತಿಕೊಳ್ಳುತ್ತದೆ. ಇವರು ಮೊಳಕೈವರೆಗೆ ಎಣ್ಣೆ ಬಳಿದುಕೊಂಡು ಅಂಗಳದಲ್ಲಿ ಒಂದು ಕಾಯಿ ಕೊಯ್ದರು. ಎರಡನೆಯದಕ್ಕೆ ಕೈ ಹಾಕುವ ಮುಂಚೆ ಒಳಗೆ ನೀರು ಕುಡಿಯಲು ಬಂದವರು, ದಾರಿಯಲ್ಲಿ ಸ್ಕಿಮ್ಮರ್ ಕಂಡಿತಲ್ಲ, ಬಟ್ಟಲು ಎತ್ತಿ ಒಳಗೆ ಬೆರಳು ಹಾಕಿ ಏನೋ ಸರಿ ಮಾಡಿದರು.

ನೊರೆ ಸತ್ತೇ ಹೋಯಿತು. ಉಕ್ಕುವ ಹಾಲಿಗೆ ನೀರು ಚಿಮುಕಿಸಿದ ಹಾಗೆ ಪಟ್ಟನೆ ಇಳಿದು ತಳ ಸೇರಿತು. ಇವರು ತಿರುಪು ಏರಿಸಿದರು. ಬರಲಿಲ್ಲ. ಇನ್ನೂ ಏರಿಸಿದರು. ತಿರುಪು ಕೊನೆ ಮುಟ್ಟಿತು, ನೊರೆ ಮಾತ್ರ ಇಲ್ಲ. ಕೊನೆಗೆ ಬೆಂಗಳೂರಿನ ಅಕ್ವೇರಿಯಂ ಅಂಗಡಿಯವರಿಗೆ ಫೋನು ಮಾಡಿದರು. ಕೈ ಎಣ್ಣೆಯಾಗಿದ್ದರಿಂದ ನಾನೇ ಫೋನನ್ನು ಸ್ಪೀಕರಿಗೆ ಹಾಕಿ ಹಿಡಿದೆ. ಅತ್ತೆ ಅಲ್ಲೇ ಕುರ್ಚಿಯಲ್ಲಿ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದರು.

"ಕೈಗೆ ಏನಾದ್ರೂ ಹಚ್ಕೊಂಡಿದ್ರಾ ಸರ್? ಕ್ರೀಮು, ಎಣ್ಣೆ?" ಅಂದ ಅಂಗಡಿಯವ.

"ಎಣ್ಣೆ ಹಚ್ಕೊಂಡಿದ್ದೆ. ಹಲಸಿನಕಾಯಿ ಕೊಯ್ತಿದ್ದೆ."

"ಟ್ಯಾಂಕ್ ಪಕ್ಕದಲ್ಲಾ ಸರ್?"

"ಅಲ್ಲ ಮಾರಾಯ, ಅಂಗಳದಲ್ಲಿ."

ಅವನು ಸಾವರಿಸಿಕೊಂಡು ವಿಷಯ ಹೇಳಿದ. ಒಂಚೂರು ಎಣ್ಣೆ ತಾಗಿದರೂ ನೊರೆ ಬಿದ್ದುಹೋಗುತ್ತದೆ, ಕೆಲವು ಗಂಟೆ ಕಳೆದರೆ ತಾನಾಗಿ ಬರುತ್ತದೆ, ಅಲ್ಲಿಯವರೆಗೆ ತಿರುಪು ಮಾತ್ರ ಮುಟ್ಟಬೇಡಿ. ಇವರು "ಸರಿ ಸರಿ" ಅಂದು, ಕೊನೆ ಮುಟ್ಟಿಸಿದ್ದ ತಿರುಪನ್ನು ವಾಪಸ್ ಇಳಿಸುವುದನ್ನು ಮರೆತು, ಉಳಿದ ಕಾಯಿ ಕೊಯ್ಯಲು ಹೋದರು.

ಊಟವಾಗಿ ಅತ್ತೆ ಕೋಣೆಯಲ್ಲಿ ಮಲಗಿದ್ದರು. ನಾನು ಪಾತ್ರೆ ತೊಳೆಯುತ್ತಿದ್ದೆ. ಹಾಲ್‌ನಿಂದ ಇವರು ಪಿಸುದನಿಯಲ್ಲಿ ನನ್ನನ್ನು ಕರೆದರು. ಹೋಗಿ ನೋಡಿದರೆ ನೊರೆ ಬಂದಿತ್ತು, ಬಟ್ಟಲು ದಾಟಿತ್ತು, ಅತ್ತೆಯ ನೆಲದ ಮೇಲೆ ಅಂಗೈ ಅಗಲವಲ್ಲ, ಒಂದು ಚಾಪೆಯಗಲ ಹರಡಿತ್ತು. ಕೈಗೆ ಸಿಕ್ಕಿದ್ದು ಇವರ ಹೊಸ ಲುಂಗಿ. ಇಬ್ಬರೂ ಮಂಡಿಯೂರಿ ಒರೆಸಿದೆವು. "ನಿಮ್ಮ ಕೈ ಮುರ್ದು ಹೋಗ" ಎಂದು ನಾನು ಪಿಸುಗುಟ್ಟಿದೆ. "ಮೊದ್ಲು ಒರೆಸು, ಆಮೇಲೆ ಮುರಿ" ಎಂದು ಇವರು ಪಿಸುಗುಟ್ಟಿದರು. ಸಿಹಿನೀರು ಹಾಕಿ ಮತ್ತೆ ಒರೆಸಿದೆವು, ಕಲೆ ಉಳಿಯದ ಹಾಗೆ ಮತ್ತೂ ಒರೆಸಿದೆವು. ಪುಣ್ಯಕ್ಕೆ ಅಷ್ಟು ಹೊತ್ತೂ ಒಳಗಿನಿಂದ ಅತ್ತೆಯ ಗೊರಕೆ ಕೇಳುತ್ತಲೇ ಇತ್ತು. ಅಂಥ ಗೊರಕೆಯನ್ನು ನಾನು ಈ ಮನೆಗೆ ಬಂದ ಮೇಲೆ ಕೇಳಿರಲಿಲ್ಲ.

ಸಂಜೆ ಎದ್ದು ಬಂದ ಅತ್ತೆ ಗಂಟಲು ಕೆರೆಯುತ್ತಿದೆ, ಬಿಸಿನೀರು ಕೊಡು ಅಂದರು. ಹಲಸಿನ ತೊಳೆ ಜಾಸ್ತಿ ಆಗಿರಬೇಕು ಅಂದೆ. ತಂತಿಯ ಮೇಲೆ ಒದ್ದೆ ಲುಂಗಿ ನೋಡಿ, "ಅದನ್ಯಾಕೆ ಈಗ ಒಗ್ದೆ?" ಎಂದು ಮಗನನ್ನು ಕೇಳಿದರು.

"ಮೇಣ ಆಗಿತ್ತಮ್ಮ."

"ಹೊಸ ಲುಂಗಿ ಉಟ್ಟು ಯಾರಾದ್ರೂ ಹಲಸಿನಕಾಯಿ ಕೊಯ್ತಾರಾ?" ಅನ್ನುತ್ತ ಅತ್ತೆ ಬಿಸಿನೀರು ಗುಟುಕರಿಸಿದರು.

ಕಳಸದಿಂದ ಬಂದ ಜೀಪು

ಇಷ್ಟಾದ ಮೇಲೆ ಇವರು ನಿಜವಾಗಿಯೂ ಬದಲಾದರು ಎಂದು ಬರೆಯುವ ಆಸೆ ನನಗೂ ಇದೆ. ಆದರೆ ಆಗ ಶುರುವಾಯಿತು ನೋಡಿ ವಿಚಿತ್ರ. ಸ್ಕಿಮ್ಮರಿನಲ್ಲಿ ನೊರೆಯೇ ನಿಲ್ಲಲಿಲ್ಲ. ಸಂಜೆ ಕೆಲಸದಿಂದ ಬಂದು ನೋಡಿದರೆ ನೊರೆ ತಳದಲ್ಲಿ. ತಿರುಪು ಸ್ವಲ್ಪ ಏರಿಸಿ ಕಾಯುವರು. ಬೆಳಗ್ಗೆ ಎದ್ದು ನೋಡಿದರೆ ಮತ್ತೆ ತಳದಲ್ಲಿ. ಮತ್ತೆ ಸ್ವಲ್ಪ ಏರಿಸಿ ವರ್ಕ್‌ಶಾಪಿಗೆ ಹೋಗುವರು. ಪಂಪು ಬಿಚ್ಚಿದರು, ಕೊಳವೆ ತೊಳೆದರು, ವೋಲ್ಟೇಜ್ ಅಳೆದರು. ಕೈಯನ್ನಂತೂ ಆಪರೇಷನ್ ಮಾಡುವ ಡಾಕ್ಟರ ಹಾಗೆ ತಿಕ್ಕಿ ತೊಳೆದೇ ಮುಟ್ಟುತ್ತಿದ್ದರು. ಅಮಾವಾಸ್ಯೆ ಹತ್ತಿರ ಬಂತು, ಅದಕ್ಕಿರಬಹುದು ಎಂದೂ ಒಂದು ದಿನ ಅಂದರು.

ಗಲೀಜು ಹೊರಗೆ ಹೋಗದೆ ನೀರು ಹಳದಿಯಾಯಿತು. ಗಾಜಿಗೆ ಪಾಚಿ ಕಟ್ಟಿತು. ಮೀನುಗಳು ಮಲಗುವ ಆ ಹೂವಿನಂಥ ಜೀವಿ ಮುದುಡಿ ಅಡಿಕೆಯಷ್ಟಾಯಿತು. ಜೋಡಿ ಮೀನು ಒಂದು ಮೂಲೆಯಲ್ಲಿ ನಿಂತುಬಿಟ್ಟವು. ಅವುಗಳಿಗೆ ಅತ್ತೆ ಮದುಮಕ್ಕಳು ಎಂದು ಹೆಸರಿಟ್ಟಿದ್ದರು. "ಮದುಮಕ್ಳು ಯಾಕೋ ಉಣ್ತಿಲ್ಲ" ಎಂದು ಒಂದು ಸಂಜೆ ತಮ್ಮಷ್ಟಕ್ಕೆ ಅಂದುಕೊಂಡದ್ದು ನನಗೆ ಕೇಳಿಸಿತು.

ಕೊನೆಗೆ ಇವರೇ ಸೋತರು. ಇವರು ಒಂದು ಮಿಷನ್ನಿನ ಮುಂದೆ ಸೋತದ್ದನ್ನು ನಾನು ನೋಡಿದ್ದು ಅದೇ ಮೊದಲು. ಊಟ ಸರಿಯಾಗಿ ಮಾಡಲಿಲ್ಲ. "ನನ್ನ ಕೈಲಿ ಅವು ಸಾಯೋದು ಬೇಡ ಮಾರಾಯ್ತಿ," ಅಂದರು. ಕಳಸದ ಹತ್ತಿರ ಹೋಂಸ್ಟೇ ಇಟ್ಟಿರುವ ಪರಿಚಯದವರೊಬ್ಬರಿಗೆ ಅಕ್ವೇರಿಯಂ ಅಭ್ಯಾಸವಿತ್ತು. ಅವರು ಭಾನುವಾರ ಜೀಪು ತಂದು ತೆಗೆದುಕೊಂಡು ಹೋಗುವುದೆಂದಾಯಿತು.

ಭಾನುವಾರ ಬೆಳಗ್ಗೆ ಇವರು ಕಳಸದವರಿಗೆ ದಾರಿ ತೋರಿಸಲು ಬಸ್‌ಸ್ಟ್ಯಾಂಡಿಗೆ ಹೋದರು. ನಾನು ಅಡುಗೆಮನೆಯಿಂದ ಏನಕ್ಕೋ ಹಾಲ್‌ಗೆ ಬಂದೆ. ಅತ್ತೆ ತಲೆ ಬಿಚ್ಚಿಕೊಂಡು, ಎಣ್ಣೆ ಬಾಟಲಿ ಕಂಕುಳಲ್ಲಿ ಇಟ್ಟುಕೊಂಡು, ಸ್ಕಿಮ್ಮರಿನ ಮುಂದೆ ನಿಂತಿದ್ದರು. ನೊರೆ ಆಗಷ್ಟೇ ಬಟ್ಟಲಿನ ಅಂಚಿಗೆ ಏರುತ್ತಿತ್ತು. ಅತ್ತೆ ಬಟ್ಟಲು ಎತ್ತಿ, ಎಣ್ಣೆ ಹತ್ತಿದ ಬೆರಳನ್ನು ಮೆಲ್ಲಗೆ ಒಳಗೆ ಅದ್ದಿದರು. "ಇವತ್ತೊಂದಿನ ಮಾನ ಉಳ್ಸು ಮಾರಾಯ. ಹೊರಟು ನಿಂತಾಗ ಚೆಲ್ಬೇಡ."

ನೊರೆ ಪಟ್ಟನೆ ತಳ ಸೇರಿತು.

"ಅತ್ತೆ, ಎಂತ ಮಾಡ್ತಿದೀರಿ?"

ಅತ್ತೆ ಬೆಚ್ಚಲೂ ಇಲ್ಲ, ತಿರುಗಲೂ ಇಲ್ಲ. "ಬಾಗ್ಲು ಹಾಕು," ಅಂದರು.

ಆಮೇಲೆ ಒಂದೊಂದೇ ಹೊರಬಂತು. ಫೋನಿನಲ್ಲಿ ಅಂಗಡಿಯವ ಹೇಳಿದ್ದನ್ನು ಅತ್ತೆ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಮಗ ತಿರುಪು ಏರಿಸಿ ಹೋಗುತ್ತಾನೆ, ನಾವಿಬ್ಬರೂ ಇಲ್ಲದ ಹೊತ್ತಿಗೆ ನೊರೆ ಉಕ್ಕಲು ಬರುತ್ತದೆ. ನೆಲಕ್ಕೆ ಬಿದ್ದರೆ ತಮ್ಮ ಮಾತಿನಂತೆ ಮೀನುಗಳು ವರ್ಕ್‌ಶಾಪಿಗೆ ಹೋಗಬೇಕು. ಅದಕ್ಕೆ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚುವಾಗ ಒಂದು ಬೆರಳು, ರಾತ್ರಿ ಮಲಗುವಾಗ ಮಂಡಿಗೆ ಎಣ್ಣೆ ತಿಕ್ಕಿಕೊಂಡು ಇನ್ನೊಂದು ಬೆರಳು. ಮಗ ಏರಿಸುವುದು, ತಾಯಿ ಇಳಿಸುವುದು. ಇಳಿಯಿತೆಂದು ಮಗ ಮತ್ತೆ ಏರಿಸುವುದು. ಏರಿಸಿದನೆಂದು ತಾಯಿ ಮತ್ತೆ ಅದ್ದುವುದು. ನನಗೆ ನಗಬೇಕೋ ಅಳಬೇಕೋ ತಿಳಿಯದೆ ನೆಲದ ಮೇಲೆ ಕೂತುಬಿಟ್ಟೆ.

"ಹಂಗಾದ್ರೆ ಈಗ್ಲೇ ಹೇಳ್ಬಿಡಿ ಅತ್ತೆ, ಟ್ಯಾಂಕ್ ಉಳಿಯುತ್ತೆ."

"ಹೆಂಗೆ ಹೇಳ್ಲಿ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ಹೊರಗೆ ಹಾಕ್ತೀನಿ ಅಂದೋಳು ನಾನೇ, ಕದ್ದು ಕಾಯ್ತಿದ್ದೋಳೂ ನಾನೇ ಅಂತ ಅವನ ಹತ್ರ ಹೇಳ್ಳಾ?"

ಅಷ್ಟರಲ್ಲಿ ಜೀಪಿನ ಸದ್ದಾಯಿತು. ಕಳಸದವರು ಹಗ್ಗ ಹಿಡಿದುಕೊಂಡು ಒಳಗೆ ಬಂದರು. ಬೋಳುತಲೆಯ, ನಗುಮುಖದ ಮನುಷ್ಯ. ಇವರು ಸ್ಕಿಮ್ಮರ್ ತೋರಿಸಿ, "ನೋಡಿ, ಹಿಂಗೇ. ನೊರೆನೇ ಬರಲ್ಲ," ಅಂದರು. ಕಳಸದವರು ಟ್ಯಾಂಕಿಗೆ ಹಗ್ಗ ಸುತ್ತಲು ಬಗ್ಗಿದರು. ಮದುಮಕ್ಕಳು ಹೆದರಿ ಮುದುಡಿದ ಆ ಹೂವಿನಂಥ ಜೀವಿಯೊಳಗೆ ನುಗ್ಗಲು ನೋಡಿದವು. ಅತ್ತೆಗೆ ಅದನ್ನು ನೋಡಲಾಗಲಿಲ್ಲ.

"ಸ್ವಲ್ಪ ನಿಲ್ಲಿ," ಅಂದರು. "ನಿಮ್ಮನೇಲಿ ದಿನಾ ತಲೆಗೆ ಎಣ್ಣೆ ಹಚ್ಚೋರು ಯಾರಾದ್ರೂ ಇದಾರಾ?"

ಕಳಸದವರು ತಮ್ಮ ಬೋಳುತಲೆ ಸವರಿಕೊಂಡರು. "ಇಲ್ಲಮ್ಮ. ಯಾಕೆ?"

"ಹಂಗಾದ್ರೆ ಈ ಪೆಟ್ಟಿಗೆ ನಿಮಗೆ ಆಗಿ ಬರಲ್ಲ. ಹಗ್ಗ ಬಿಚ್ಚಿ."

ಇವರು ಅಮ್ಮನ ಕೈ ನೋಡಿದರು. ಬೆರಳು ಹೊಳೆಯುತ್ತಿತ್ತು. ಬಾಟಲಿ ನೋಡಿದರು, ಸ್ಕಿಮ್ಮರ್ ನೋಡಿದರು. ಏನಿದ್ದರೂ ಮೆಕ್ಯಾನಿಕ್ಕಲ್ಲವೇ, ಎಲ್ಲಿ ಯಾವುದು ಯಾವುದಕ್ಕೆ ಸೇರುತ್ತದೆ ಎಂಬುದು ಹೊಳೆಯಿತು. "ಅಮ್ಮಾ, ನೀನಾ?"

"ನಾನೇ. ನೀನು ತಿರುಪು ಬಿಡ್ತಿರ್ಲಿಲ್ಲ, ಇನ್ನೆಂತ ಮಾಡ್ಲಿ?"

"ಅಲ್ಲಮ್ಮ, ಪೆಟ್ಟಿಗೆ ಹೊರಗೆ ಅಂತ ಹೇಳಿದ್ದು ನೀನೇ ಅಲ್ವಾ?"

"ನೆಲ ಒದ್ದೆ ಆದ್ರೆ ಅಂದಿದ್ದೆ. ಎಲ್ಲಿ ಆಯ್ತು? ಆಗದ ಹಂಗೆ ನೋಡ್ಕೊಂಡೆ."

ಇವರು ನಗಲು ಶುರು ಮಾಡಿದರು. ಕಳಸದವರೂ ಅರ್ಥವಾದಷ್ಟಕ್ಕೆ ನಕ್ಕರು, ಹಗ್ಗ ಸುತ್ತಿ ಕಂಕುಳಲ್ಲಿಟ್ಟುಕೊಂಡು ತಿಂಡಿಗೆ ಕೂತರು. ಇವರು ಜೇಬಿನಿಂದ ಕಪ್ಪು ಟೇಪು ತೆಗೆದು ತಿರುಪಿನ ಮೇಲೆ ಅಡ್ಡಡ್ಡ ಅಂಟಿಸಿದರು. ಇನ್ನು ಅದನ್ನು ಮುಟ್ಟುವುದಿಲ್ಲ ಎಂದು ಅಮ್ಮನ ತಲೆ ಮುಟ್ಟಿ ಆಣೆ ಮಾಡಿದರು, ಮಾಡಿದ ಮೇಲೆ ಕೈಗೆ ಎಣ್ಣೆಯಾಯಿತೆಂದು ತೊಳೆಯಲು ಹೋದರು. ಎಲ್ಲವೂ ಅಲ್ಲಿಗೇ ಸುಖವಾಗಿ ಮುಗಿಯುತ್ತಿತ್ತು. ಆದರೆ ಇವರ ಕೈ ಒಂದು ಸುಮ್ಮನಾದರೆ ಬಾಯಿ ಶುರುವಾಗುತ್ತದೆ.

"ಏನೇ ಹೇಳು ಅಮ್ಮ," ಅಂದರು ಕೈ ಒರೆಸಿಕೊಳ್ಳುತ್ತ, "ನೀನು ಇಷ್ಟೆಲ್ಲ ಕಾದ್ರೂ ಆ ಹಲಸಿನಕಾಯಿ ದಿನ..."

ನಾನು ಅವರ ತೋಳು ಚಿವುಟಿದೆ. ತಡವಾಗಿತ್ತು. ಕಳಸದವರ ಬಾಯಲ್ಲಿ ಕಡುಬು ನಿಂತಿತು. ಅತ್ತೆ ಜಡೆ ಹೆಣೆಯುತ್ತಿದ್ದವರು ಕೈ ನಿಲ್ಲಿಸಲಿಲ್ಲ.

"ಆ ದಿನ ನಾನು ನಿದ್ದೆ ಮಾಡ್ತಿದ್ದೆ," ಅಂದರು. "ಕಣ್ಣಾರೆ ಕಾಣದ್ದು ನನ್ನ ಲೆಕ್ಕಕ್ಕೆ ಬರಲ್ಲ. ನೀವಿಬ್ರೂ ಲುಂಗಿ ಹಿಡ್ಕೊಂಡು ಒರೆಸ್ತೀರಿ, ಒರೆಸ್ತೀರಿ, ಮುಗಿಯೋದೇ ಇಲ್ಲ. ನಿಮ್ಮ ಕೆಲ್ಸ ಆಗೋವರೆಗೆ ನಾನು ಏಳೋ ಹಂಗಿಲ್ಲ. ಅಷ್ಟು ಹೊತ್ತು ಗೊರಕೆ ಹೊಡೆದು ಹೊಡೆದು ಗಂಟಲು ಹರಿದು ಹೋಯ್ತು. ಸಂಜೆ ಬಿಸಿನೀರು ಕೇಳಿದ್ದು ಎಂತಕ್ಕೆ ಅನ್ಕೊಂಡ್ರಿ, ಹಲಸಿನ ತೊಳೆಗಾ?"